ಎರಡನೇ ಮಗು ಬರುವ ಮೊದಲು ದೊಡ್ಡವನ ರಾತ್ರಿಗಳನ್ನು ಗಟ್ಟಿ ಮಾಡಿಕೊಳ್ಳಿ

ಪ್ರಶ್ನೆ: ನಾವು ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದೇವೆ, ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮಗನಿಗೆ ಎರಡು ವರ್ಷ ನಾಲ್ಕು ತಿಂಗಳು. ಅವನು ಶಿವಮೊಗ್ಗದಲ್ಲಿ ಹುಟ್ಟಿದ್ದು, ನಾರ್ಮಲ್ ಹೆರಿಗೆ, ಅಮ್ಮನ ಮನೆಯಲ್ಲೇ ಬಾಣಂತನ. ಈಗ ಮತ್ತೆ 26 ವಾರ, ಸಂಕ್ರಾಂತಿ ಹೊತ್ತಿಗೆ ಡೇಟ್ ಕೊಟ್ಟಿದ್ದಾರೆ. ಅಮ್ಮನಿಗೆ ಮಂಡಿ ಆಪರೇಷನ್ ಆಗಿದೆ, ಬರಲಾಗುವುದಿಲ್ಲ. ಅತ್ತೆ ಬರಲು ತಯಾರಿದ್ದಾರೆ, ಆದರೆ ವೀಸಾ 90 ದಿನಕ್ಕಷ್ಟೇ. ಊರಿಗೇ ಹೋಗಿಬಿಡಲಾ? ಇಲ್ಲೇ ಇದ್ದರೆ ಅತ್ತೆಯನ್ನು ಯಾವಾಗ ಕರೆಸಲಿ? ರಾತ್ರಿ ನೋವು ಬಂದರೆ ಮಗನನ್ನು ಯಾರ ಹತ್ತಿರ ಬಿಡಲಿ? ನಾನು ರಜೆಯಲ್ಲಿರುವಾಗ ಅವನನ್ನು ಡೇಕೇರ್‌ನಿಂದ ಬಿಡಿಸಲಾ? ಅವನು ನನ್ನನ್ನು ಬಿಟ್ಟು ಮಲಗುವುದೇ ಇಲ್ಲ. ಇನ್ನೊಂದು ಮಗು ತಂದು ಅವನಿಗೆ ಅನ್ಯಾಯ ಮಾಡುತ್ತಿದ್ದೇನೆ ಅನ್ನಿಸಿ ಅಳು ಬರುತ್ತದೆ.

ಉತ್ತರ:

ಊರಿಗೆ ಹೋಗಬೇಡಿ. ಐಂಡ್‌ಹೋವನ್‌ನಲ್ಲೇ ಇರಿ. ಅಮ್ಮನ ಮನೆಯ ಬಾಣಂತನದ ಸುಖ ಏನು ಅಂತ ಒಂದು ಸಲ ಕಂಡವರಿಗೆ ಈ ಮಾತು ಕಹಿ ಅನ್ನಿಸುತ್ತದೆ, ನನಗೆ ಗೊತ್ತು. ಆದರೂ ಲೆಕ್ಕ ಹಾಕಿ ನೋಡಿ. ಹೆಚ್ಚಿನ ವಿಮಾನ ಕಂಪನಿಗಳು 28 ವಾರ ದಾಟಿದರೆ ಡಾಕ್ಟರ್ ಪತ್ರ ಕೇಳುತ್ತವೆ, 36 ವಾರ ದಾಟಿದರೆ ಹತ್ತಿಸಿಕೊಳ್ಳುವುದಿಲ್ಲ. ಅಂದರೆ ಡಿಸೆಂಬರ್ ಮಧ್ಯದೊಳಗೆ ನೀವು ಹೊರಡಬೇಕು. ವಾಪಸ್ ಬರುವುದು ಅದಕ್ಕಿಂತ ಕಷ್ಟ. ಭಾರತದಲ್ಲಿ ಹುಟ್ಟಿದ ಪಾಪುಗೆ ಜನನ ಪ್ರಮಾಣಪತ್ರ ಆಗಬೇಕು, ಅದು ವಿದೇಶದಲ್ಲಿ ನಡೆಯಲು ಅಪೋಸ್ಟಿಲ್ ಅನ್ನುವ ಮುದ್ರೆ ಬೀಳಬೇಕು, ಪಾಸ್‌ಪೋರ್ಟ್ ಬರಬೇಕು, ಆಮೇಲೆ ಡಚ್ ಪ್ರವೇಶ ವೀಸಾ ಮತ್ತು ವಾಸದ ಪರವಾನಗಿಗೆ ಅರ್ಜಿ ಹಾಕಿ ಕಾಯಬೇಕು. ನಿಮ್ಮ ಹೆರಿಗೆ ರಜೆ ಒಟ್ಟು 16 ವಾರ. ಕಾಗದಗಳು ಅಷ್ಟರೊಳಗೆ ಮುಗಿಯುತ್ತವೆ ಅಂತ ಯಾರೂ ಖಾತ್ರಿ ಕೊಡಲಾರರು. ಅಷ್ಟು ದಿನವೂ ನಿಮ್ಮ ಮಗ ಅಪ್ಪನನ್ನು ಫೋನಿನ ಪರದೆಯಲ್ಲಷ್ಟೇ ನೋಡಬೇಕು. ಅಮ್ಮನ ತೊಡೆ ಇನ್ನೊಬ್ಬರಿಗೆ ಹೋಗುವ ಹೊತ್ತಲ್ಲೇ ಅಪ್ಪನೂ ಇಲ್ಲದ ಹಾಗೆ ಆದರೆ ಅವನಿಗೆ ಬಹಳ ಜಾಸ್ತಿ ಆಗುತ್ತದೆ. ಮಂಡಿ ಆಪರೇಷನ್ ಆದ ಅಮ್ಮನಿಗೆ ಒಬ್ಬ ಬಾಣಂತಿ, ಒಂದು ಕೂಸು, ಓಡಾಡುವ ಒಬ್ಬ ಹುಡುಗ, ಮೂವರನ್ನೂ ಸಂಭಾಳಿಸಲು ಆಗುತ್ತಾ ಅಂತಲೂ ಯೋಚಿಸಿ.

ನಿಮ್ಮ ಪತ್ರದಲ್ಲಿ ಪಾಪು ಬಗ್ಗೆ ಭಯ ಕಡಿಮೆ, ದೊಡ್ಡವನ ಬಗ್ಗೆ ಜಾಸ್ತಿ. ನೀವು ಹೆದರಿರುವುದು ಸರಿಯಾದ ಜಾಗದಲ್ಲೇ. ಪಾಪುವನ್ನು ನೋಡಿಕೊಳ್ಳಲು ಆ ದೇಶದಲ್ಲಿ ಒಳ್ಳೆಯ ವ್ಯವಸ್ಥೆ ಇದೆ, ಹೆಸರು ಬರೆಸಿದ್ದರೆ ಮನೆ ಬಾಗಿಲಿಗೇ ಬರುತ್ತಾರೆ. ಎರಡೂವರೆ ವರ್ಷದವನಿಗೆ ಊಟ ತಿನ್ನಿಸಲು, ರಾತ್ರಿ ಪಕ್ಕದಲ್ಲಿ ಮಲಗಲು ಯಾರೂ ಬರುವುದಿಲ್ಲ. ಆ ಕೈಗಳನ್ನು ನೀವೇ ಗೊತ್ತು ಮಾಡಿಕೊಳ್ಳಬೇಕು. ಇರುವ ಕೈಗಳನ್ನೆಲ್ಲ ಒಂದೇ ವಾರಕ್ಕೆ ಸುರಿದು ಖಾಲಿ ಮಾಡಿಕೊಳ್ಳಬಾರದು. ಪರದೇಶದಲ್ಲಿ ಎರಡನೇ ಹೆರಿಗೆ ಆದವರು ಹೆಚ್ಚಾಗಿ ಸೋಲುವುದು ಇಲ್ಲೇ. ಹೆರಿಗೆಯಾದ ವಾರ ಮನೆ ತುಂಬಾ ಜನ, ಎಂಟನೇ ವಾರ ಯಾರೂ ಇಲ್ಲ.

ಮೊದಲು ಅತ್ತೆಯ 90 ದಿನಕ್ಕೆ ಬರೋಣ. 90 ದಿನ ಅಂದರೆ ಮೂರು ತಿಂಗಳಲ್ಲ. ಇಳಿದ ದಿನವೂ ಲೆಕ್ಕ, ಹೊರಟ ದಿನವೂ ಲೆಕ್ಕ. ಹಿಂದಿನ 180 ದಿನಗಳಲ್ಲಿ ಒಟ್ಟು 90 ದಾಟಬಾರದು. 2025ರ ಅಕ್ಟೋಬರ್‌ನಿಂದ ಯೂರೋಪಿನ ಗಡಿಗಳಲ್ಲಿ ಬೆರಳಚ್ಚು, ಫೋಟೋ ತೆಗೆದು ಕಂಪ್ಯೂಟರಿನಲ್ಲೇ ಈ ಲೆಕ್ಕ ಇಡಲು ಶುರು ಮಾಡಿದ್ದಾರೆ. "ಎರಡು ದಿನ ಹೆಚ್ಚಾದರೆ ಏನಾಗುತ್ತೆ ಬಿಡಿ" ಅನ್ನುವವರ ಮಾತು ಕೇಳಬೇಡಿ.

ಹೆರಿಗೆ ಜನವರಿ 15ರ ಸುಮಾರಿಗೆ ಅಂತಿಟ್ಟುಕೊಳ್ಳೋಣ. ಅತ್ತೆ ನವೆಂಬರ್ ಕೊನೆಗೇ ಬಂದರೆ ಪಾಪು ಹುಟ್ಟುವ ಮೊದಲೇ ಅರ್ಧದಷ್ಟು ದಿನ ಕಳೆದುಹೋಗುತ್ತದೆ. ಹೆರಿಗೆ ಆದ ಮೇಲೆ ಬರಲಿ ಅಂದರೆ, ನೋವು ಬಂದ ರಾತ್ರಿ ಮಗನ ಜೊತೆ ಮನೆಯವರು ಯಾರೂ ಇರುವುದಿಲ್ಲ, ಅಜ್ಜಿಗೂ ಮೊಮ್ಮಗನಿಗೂ ಒಗ್ಗಿಕೊಳ್ಳಲು ಸಮಯ ಸಿಗುವುದಿಲ್ಲ. ಎರಡೂ ಬೇಡ. ನನ್ನ ಸಲಹೆ ಡಿಸೆಂಬರ್ 28ರ ಆಸುಪಾಸು. ಆಗ ನಿಮಗೆ 37 ವಾರ ದಾಟಿರುತ್ತದೆ. 28ಕ್ಕೆ ಇಳಿದರೆ 90ನೇ ದಿನ ಮಾರ್ಚ್ 27. ಟಿಕೆಟನ್ನು ಅದಕ್ಕಿಂತ ಎರಡು ಮೂರು ದಿನ ಮುಂಚೆಗೆ ಮಾಡಿ, ವಿಮಾನ ರದ್ದಾದರೂ ತೊಂದರೆ ಆಗದ ಹಾಗೆ. ಮೊದಲ ಎರಡು ವಾರ ಅತ್ತೆಗೆ ಬೇರೆ ಕೆಲಸ ಹೇಳಬೇಡಿ. ಅಡುಗೆಯನ್ನೂ ಹೇಳಬೇಡಿ. ಮೊಮ್ಮಗನ ಜೊತೆ ಸ್ನಾನ, ಊಟ, ನಿದ್ದೆ, ಇಷ್ಟೇ ಅವರ ಕೆಲಸ.

ಈ ವೀಸಾಗೆ ಹೊರಡುವ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ತೀರಾ ತಡ ಅಂದರೆ 15 ದಿನ ಮೊದಲು. ಕೊನೆಯವರೆಗೆ ಕಾಯಬೇಡಿ. ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಒಂದು ಕೆಲಸ. ನೀವು ಅಲ್ಲಿಂದ ಕಳಿಸಬೇಕಾದ ಪ್ರಾಯೋಜಕತ್ವದ ಫಾರ್ಮ್‌ಗೆ ನಿಮ್ಮ ಮುನಿಸಿಪಾಲಿಟಿಗೆ ಹೋಗಿ ಸಹಿ ದೃಢೀಕರಿಸಿಕೊಳ್ಳಬೇಕು, ಅದನ್ನು ಈ ವಾರವೇ ಮಾಡಿ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋದ್ದು ಕಡ್ಡಾಯ. ಬಿಪಿ, ಶುಗರ್ ಇರುವವರಾದರೆ ಮೊದಲಿನಿಂದ ಇರುವ ಕಾಯಿಲೆಗೆ ಆ ವಿಮೆ ಎಷ್ಟು ಕೊಡುತ್ತದೆ ಅಂತ ಓದಿಯೇ ತೆಗೆದುಕೊಳ್ಳಿ. ಮೂರು ತಿಂಗಳ ಮಾತ್ರೆಗಳನ್ನು ಚೀಟಿ ಸಮೇತ ಕೈಚೀಲದಲ್ಲೇ ತರಲಿ.

ಇನ್ನು ನಿಮ್ಮ ಯಜಮಾನರ ರಜೆ. ಅಲ್ಲಿ ಮಗು ಹುಟ್ಟಿದಾಗ ಅಪ್ಪನಿಗೆ ಪೂರ್ತಿ ಸಂಬಳದ ಒಂದು ವಾರ ರಜೆ ಇದೆ, ಅದನ್ನು ನಾಲ್ಕು ವಾರದೊಳಗೆ ತೆಗೆದುಕೊಳ್ಳಬೇಕು. ಅದರ ಮೇಲೆ ಇನ್ನೂ ಐದು ವಾರ ಇದೆ, ಸಂಬಳದ ಶೇಕಡಾ 70ರಷ್ಟು ಸಿಗುತ್ತದೆ, ಒಂದು ಮಿತಿಯವರೆಗೆ. ಇದನ್ನು ಮಗುವಿಗೆ ಆರು ತಿಂಗಳಾಗುವುದರೊಳಗೆ ಯಾವಾಗ ಬೇಕಾದರೂ ತೆಗೆದುಕೊಳ್ಳಬಹುದು. ಹೆಚ್ಚಿನ ಅಪ್ಪಂದಿರು ಉತ್ಸಾಹದಲ್ಲಿ ಆರೂ ವಾರ ಒಟ್ಟಿಗೆ ತೆಗೆದುಕೊಂಡುಬಿಡುತ್ತಾರೆ. ಅತ್ತೆ ಮನೆಯಲ್ಲಿರುವಾಗ ಹಾಗೆ ಮಾಡಬೇಡಿ. ಮೊದಲ ವಾರ ಅವರು ಮನೆಯಲ್ಲಿರಲಿ. ಉಳಿದ ಐದು ವಾರವನ್ನು ಮಾರ್ಚ್ ಕೊನೆಗೆ, ಅತ್ತೆ ವಿಮಾನ ಹತ್ತಿದ ಮಾರನೇ ದಿನದಿಂದ ಇಟ್ಟುಕೊಳ್ಳಿ. ನಿಮ್ಮ ಹೆರಿಗೆ ರಜೆಯನ್ನು ಡೇಟ್‌ಗೆ ಆರು ವಾರ ಮೊದಲಿನ ಬದಲು ನಾಲ್ಕು ವಾರ ಮೊದಲು ಶುರು ಮಾಡಿದರೆ, ಉಳಿದ ಎರಡು ವಾರ ಹೆರಿಗೆಯ ನಂತರಕ್ಕೆ ಸೇರುತ್ತದೆ. ಆಗ ನೀವು ಏಪ್ರಿಲ್ ಮೊದಲ ವಾರ ದಾಟುವವರೆಗೂ ಮನೆಯಲ್ಲಿರುತ್ತೀರಿ. ಇವೆಲ್ಲದರ ಮೇಲೆ ಮಗುವಿನ ಮೊದಲ ವರ್ಷದಲ್ಲಿ ಇಬ್ಬರಿಗೂ ಒಂಬತ್ತೊಂಬತ್ತು ವಾರ ಪಾಲಕರ ರಜೆ ಇದೆ, ಅದಕ್ಕೂ ಶೇಕಡಾ 70ರ ಲೆಕ್ಕವೇ. ಒಬ್ಬರಾದ ಮೇಲೆ ಒಬ್ಬರು ತೆಗೆದುಕೊಂಡರೆ ಪಾಪುವನ್ನು ಡೇಕೇರ್‌ಗೆ ಬಿಡುವ ಹೊತ್ತಿಗೆ ಅಲ್ಲಿನ ಬೇಸಿಗೆ ಮುಗಿಯುತ್ತಾ ಬಂದಿರುತ್ತದೆ. ಕಂಪನಿಗೆ ಮುಂಚಿತವಾಗಿ ಬರೆದುಕೊಡಬೇಕು, ಐದು ವಾರದ್ದಕ್ಕೆ ನಾಲ್ಕು ವಾರ ಮೊದಲು, ಪಾಲಕರ ರಜೆಗೆ ಎರಡು ತಿಂಗಳು ಮೊದಲು.

ಕ್ರಾಮ್‌ಜೋರ್ಗ್‌ಗೆ, ಅಂದರೆ ಮನೆಗೇ ಬಂದು ಬಾಣಂತನ ಮಾಡುವ ಅಲ್ಲಿನ ಸೇವೆಗೆ, ಹೆಸರು ಬರೆಸಿದ್ದೀರಾ ಅಂತ ನೀವು ಪತ್ರದಲ್ಲಿ ಹೇಳಿಲ್ಲ. ಬರೆಸಿಲ್ಲ ಅಂದರೆ ಇದನ್ನು ಓದಿ ಮುಗಿಸಿದ ಕೂಡಲೇ ಫೋನ್ ಮಾಡಿ. ಅಲ್ಲಿನವರು ಮೂರು ತಿಂಗಳು ತುಂಬುವ ಹೊತ್ತಿಗೇ ಬರೆಸಿಬಿಡುತ್ತಾರೆ, ನೀವು ಆಗಲೇ ತಡ. ಮೊದಲ ಹೆರಿಗೆ ಊರಲ್ಲಿ ಆದವರಿಗೆ ಇದರ ಅಂದಾಜು ಇರುವುದಿಲ್ಲ. ತರಬೇತಿ ಪಡೆದ ಬಾಣಂತನದ ಸಹಾಯಕಿ ನಿಮ್ಮ ಮನೆಗೇ ಬಂದು ಎಂಟರಿಂದ ಹತ್ತು ದಿನ ಇರುತ್ತಾರೆ. ಸಾಮಾನ್ಯವಾಗಿ ಒಟ್ಟು 49 ಗಂಟೆ, ಕನಿಷ್ಠ 24, ಅಗತ್ಯ ಬಿದ್ದರೆ 80ರವರೆಗೂ ಹೋಗುತ್ತದೆ. ಮೂಲ ಆರೋಗ್ಯ ವಿಮೆಯಲ್ಲೇ ಬರುತ್ತದೆ, ಗಂಟೆಗೆ 5 ಯೂರೋಗಿಂತ ಸ್ವಲ್ಪ ಜಾಸ್ತಿ ನಿಮ್ಮ ಕೈಯಿಂದ ಹೋಗುತ್ತದೆ ಅಷ್ಟೇ. ಅವರು ನಿಮ್ಮ ಜ್ವರ, ನಾಡಿ, ಹೊಲಿಗೆ, ಗರ್ಭಕೋಶ ಎಷ್ಟು ಇಳಿದಿದೆ ಎಲ್ಲ ನೋಡುತ್ತಾರೆ. ಪಾಪು ತೂಕ ನೋಡುತ್ತಾರೆ, ಹಾಲು ಹಿಡಿಯುವುದನ್ನು ಪಕ್ಕದಲ್ಲಿ ಕೂತು ಸರಿ ಮಾಡುತ್ತಾರೆ, ಬಟ್ಟೆ ಒಗೆಯಲು ಹಾಕುತ್ತಾರೆ, ಬಾತ್‌ರೂಮ್ ತೊಳೆಯುತ್ತಾರೆ. ಎಷ್ಟು ಗಂಟೆ ಅಂತ ನಿರ್ಧರಿಸಲು ಮೊದಲೇ ಒಂದು ಮಾತುಕತೆ ಇರುತ್ತದೆ. ಅದರಲ್ಲಿ ಮನೆಯಲ್ಲಿ ಎರಡೂವರೆ ವರ್ಷದ ಹುಡುಗ ಇದ್ದಾನೆ ಅಂತ ಸ್ಪಷ್ಟವಾಗಿ ಹೇಳಿ.

ಅವರು ಬರುವ ಮೊದಲು ನಿಮ್ಮ ಮಂಚದ ಎತ್ತರ ಅಳೆದುಕೊಳ್ಳಿ. ಹಾಸಿಗೆಯ ಮೇಲ್ಭಾಗ ನೆಲದಿಂದ ಸುಮಾರು 80 ಸೆಂಟಿಮೀಟರ್ ಇರಬೇಕು ಅಂತ ಕೇಳುತ್ತಾರೆ. ದಿನವಿಡೀ ಬಗ್ಗಿ ಕೆಲಸ ಮಾಡುವ ಅವರ ಸೊಂಟಕ್ಕಾಗಿ ಈ ನಿಯಮ. ಮಂಚದ ಕಾಲಿನ ಕೆಳಗೆ ಇಟ್ಟು ಎತ್ತರಿಸುವ ಬ್ಲಾಕ್‌ಗಳನ್ನು ಬಾಡಿಗೆಗೆ ಕೊಡುತ್ತಾರೆ, 37 ವಾರದೊಳಗೆ ಹಾಕಿಸಿಬಿಡಿ. ಆದರೆ ಒಂದು ವಿಷಯ, 80 ಸೆಂಟಿಮೀಟರ್ ಎತ್ತರದ ಮಂಚದಿಂದ ನಿಮ್ಮ ಮಗ ಬಿದ್ದರೆ ಪೆಟ್ಟು ಜೋರಾಗಿಯೇ ಆಗುತ್ತದೆ. ಇಂದಿನವರೆಗೆ ಅವನು ಹತ್ತಿ ಇಳಿದ ಮಂಚ ಅದೇ ಅಲ್ವಾ? ಅವನ ಜಾಗವನ್ನು ಅದಕ್ಕೂ ಮೊದಲೇ ಬದಲಿಸಲು ಇದೂ ಒಂದು ಕಾರಣ.

ಅತ್ತೆ ಮತ್ತು ಆ ಸಹಾಯಕಿ ಒಂದೇ ಮನೆಯಲ್ಲಿ ಇರುವಾಗ ಸ್ವಲ್ಪ ಎಳೆದಾಟ ಆಗುತ್ತದೆ. ಅತ್ತೆ ನೀರು ಜಾಸ್ತಿ ಕುಡಿಯಬೇಡ ಅನ್ನುತ್ತಾರೆ, ಆಕೆ ಲೋಟ ಖಾಲಿಯಾದ ಕೂಡಲೇ ತುಂಬಿಸುತ್ತಾಳೆ. ಇದನ್ನು ಅತ್ತೆ ಬಂದ ಮೇಲೆ ಮಾತಾಡುವ ಬದಲು ಈಗಲೇ ಮಾತಾಡಿ, ನಿಮ್ಮ ಯಜಮಾನರೇ ಮಾತಾಡಲಿ. ನನ್ನ ಅಭಿಪ್ರಾಯ ಹೇಳುತ್ತೇನೆ. ನೀರು ಬೇಕಾದಷ್ಟು ಕುಡಿಯಿರಿ, ಹಾಲುಣಿಸುವವರಿಗೆ ಬಾಯಾರಿಕೆ ಜಾಸ್ತಿ. ಎಣ್ಣೆ ಹಚ್ಚಿ ಮೆಲ್ಲಗೆ ತಿಕ್ಕುವುದು ಇರಲಿ, ಅಜ್ಜಿಯ ಕೈಗೂ ಖುಷಿ, ಪಾಪುಗೂ ಹಿತ, ಜೋರಾಗಿ ಎಳೆದು ನೀವುವುದು ಬೇಡ, ಮೂಗಿಗೆ ಕಿವಿಗೆ ಎಣ್ಣೆ ಬಿಡುವುದು ಬೇಡವೇ ಬೇಡ. ಸಾಂಬ್ರಾಣಿ ಹೊಗೆ ಬೇಡ, ಚಳಿಗಾಲದಲ್ಲಿ ಕಿಟಕಿ ಮುಚ್ಚಿದ ಆ ಮನೆಗಳಲ್ಲಂತೂ ಖಂಡಿತ ಬೇಡ. ಕಣ್ಣಿಗೆ ಕಾಡಿಗೆ ಬೇಡ, ಅಂಗಡಿಯ ಕಾಡಿಗೆಗಳಲ್ಲಿ ಸೀಸ ಸಿಕ್ಕ ಉದಾಹರಣೆಗಳಿವೆ. ಒಂದು ವರ್ಷದವರೆಗೆ ಜೇನುತುಪ್ಪ ನಾಲಿಗೆಗೆ ಸೋಕಿಸಬಾರದು. ಪಾಪುವನ್ನು ಅಂಗಾತ ಮಲಗಿಸಬೇಕು, ನಿಮ್ಮ ಕೋಣೆಯಲ್ಲೇ, ಅದರದ್ದೇ ತೊಟ್ಟಿಲು ಅಥವಾ ಹಾಸಿಗೆಯಲ್ಲಿ, ದಿಂಬಿಲ್ಲದೆ. ಅಜ್ಜಿ ತಮ್ಮ ರಗ್ಗಿನೊಳಗೆ ಹಾಕಿಕೊಂಡು ಮಲಗುತ್ತೇನೆ ಅಂದರೆ ಪ್ರೀತಿಯಿಂದಲೇ ಬೇಡ ಅನ್ನಿ.

ಊಟದ ವಿಷಯದಲ್ಲಿ ಮಾತ್ರ ನಾನು ಪೂರ್ತಿ ಅತ್ತೆಯ ಪಕ್ಷ. ಡಚ್ ಸಹಾಯಕಿ ಮಧ್ಯಾಹ್ನಕ್ಕೆ ಬ್ರೆಡ್ಡು ಚೀಸು ಮಾಡಿ ಕೊಡುತ್ತಾರೆ, ಹೆತ್ತ ಹೊಟ್ಟೆಗೆ ಅದು ಸಾಲದು. ಬೆಳ್ಳುಳ್ಳಿ ಸಾರು, ಜೀರಿಗೆ ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ, ಬಿಸಿ ಅನ್ನ, ಇವು ತಿನ್ನಿ. ಸಬ್ಬಸಿಗೆ ಅಲ್ಲಿನ ಟರ್ಕಿ ಅಂಗಡಿಗಳಲ್ಲಿ ಕಟ್ಟುಗಟ್ಟಲೆ ಸಿಗುತ್ತದೆ. ಅತ್ತೆ ಊರಿಂದ ತುಪ್ಪ, ಖೋವಾ ತರಬಾರದು. ಹಾಲಿನ ಪದಾರ್ಥಗಳನ್ನು ಹೊರಗಿಂದ ಯೂರೋಪಿಗೆ ತರಲು ಪ್ರಯಾಣಿಕರಿಗೆ ಅನುಮತಿ ಇಲ್ಲ. ಕರಿಬೇವೂ ಬೇಡ, ತೆಂಗಿನಕಾಯಿ ತರಬಹುದು. ಸಾರಿನ ಪುಡಿ, ಒಣ ಅಂಟು, ಮೆಂತ್ಯ, ಕೊಬ್ಬರಿ ತರಲಿ, ಬೆಣ್ಣೆ ಅಲ್ಲೇ ಕೊಂಡು ತುಪ್ಪ ಕಾಯಿಸಿ ಅಂಟಿನ ಉಂಡೆ ಅಲ್ಲೇ ಕಟ್ಟಲಿ. ನೀವೂ ಈಗಿನಿಂದಲೇ ವಾರಕ್ಕೆ ಒಂದು ದಿನ ಬೇಳೆ ಸಾರು, ಪಲ್ಯ ಜಾಸ್ತಿ ಮಾಡಿ ಫ್ರೀಜರ್‌ಗೆ ಹಾಕುತ್ತಾ ಬನ್ನಿ.

ಈಗ ನೋವು ಬರುವ ರಾತ್ರಿ. ಎರಡನೇ ಹೆರಿಗೆ ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಬೇಗ ಆಗುತ್ತದೆ. ಮೊದಲ ಸಲ ಗಂಟೆಗಟ್ಟಲೆ ಕಾದೆವಲ್ಲ ಅಂತ ಈ ಸಲ ಕಾಯಬೇಡಿ. ನೋವು ಲಯಕ್ಕೆ ಬಂತು ಅನ್ನಿಸಿದ ಕೂಡಲೇ ಸೂಲಗಿತ್ತಿಗೆ ಫೋನ್ ಮಾಡಿ, "ಇದು ಎರಡನೆಯದು" ಅಂತ ಮೊದಲೇ ಹೇಳಿ. ಅಂದ ಹಾಗೆ, ಡಾಕ್ಟರ್ ಬದಲು ಸೂಲಗಿತ್ತಿ ನೋಡುತ್ತಾರೆ ಅಂತ ಗಾಬರಿ ಪಡಬೇಡಿ. ಅಲ್ಲಿ ಅದು ನಾಲ್ಕು ವರ್ಷದ ಪದವಿ ಓದಿದವರ ಕೆಲಸ. ತೊಂದರೆ ಕಂಡರೆ ಅವರೇ ಆಸ್ಪತ್ರೆಗೆ ಒಪ್ಪಿಸುತ್ತಾರೆ, ನಿಮಗೆ ಆಸ್ಪತ್ರೆಯಲ್ಲೇ ಆಗಬೇಕು ಅಂತಿದ್ದರೆ ಅದನ್ನೂ ಮೊದಲೇ ಹೇಳಿಡಬಹುದು.

ಅತ್ತೆ ಬಂದಿರುತ್ತಾರೆ, ಸರಿ. ಆದರೆ ಪಾಪು 36 ವಾರಕ್ಕೇ ಹೊರಟರೆ? ಅತ್ತೆಗೆ ಜ್ವರ ಬಂದರೆ? ಅದಕ್ಕೇ ಇನ್ನೂ ಎರಡು ಹೆಸರು ಬೇಕು. ಒಬ್ಬರು ಹತ್ತು ನಿಮಿಷದಲ್ಲಿ ನಡೆದು ಬರುವಷ್ಟು ಹತ್ತಿರದವರು, ಡಚ್ ನೆರೆಯವರಾದರೂ ಪರವಾಗಿಲ್ಲ. ಇನ್ನೊಬ್ಬರು ಮಗನಿಗೆ ಚೆನ್ನಾಗಿ ಗೊತ್ತಿರುವ ಕನ್ನಡದ ಮನೆಯವರು. ಐಂಡ್‌ಹೋವನ್‌ನಲ್ಲಿ ಚಿಪ್ ಯಂತ್ರದ ಕಂಪನಿಗಳಿಂದಾಗಿ ನಮ್ಮವರು ಬೇಕಾದಷ್ಟು ಜನ ಇದ್ದಾರೆ, ಕೇಳಲು ಸಂಕೋಚ ಬೇಡ. ನಾಳೆ ಅವರಿಗೂ ಇದೇ ಸಹಾಯ ಬೇಕಾಗುತ್ತದೆ. ಸುಮ್ನೆ "ಬೇಕಾದಾಗ ಹೇಳಿ" ಅನ್ನುವ ಮಾತಿಗೆ ನಿಲ್ಲಬೇಡಿ. "ಡಿಸೆಂಬರ್ ಮಧ್ಯದಿಂದ ಜನವರಿ ಕೊನೆಯವರೆಗೆ ರಾತ್ರಿ ಫೋನ್ ಸೈಲೆಂಟ್‌ನಲ್ಲಿ ಇಡದೆ ಮಲಗ್ತೀರಾ?" ಅಂತ ನೇರವಾಗಿ ಕೇಳಿ. ಮನೆ ಬೀಗದ ಕೈ ಅವರ ಹತ್ತಿರ ಇರಲಿ. ಒಂದು ಹಾಳೆಯಲ್ಲಿ ಮಗನ ವಿಷಯ ಬರೆದಿಡಿ, ಹಾಲು ಯಾವ ಲೋಟದಲ್ಲಿ, ಎಷ್ಟು ಬಿಸಿ, ರಾತ್ರಿ ಎದ್ದರೆ ಏನು ಕೇಳುತ್ತಾನೆ, ಯಾವ ಹೊದಿಕೆ ಇಲ್ಲದೆ ಮಲಗುವುದಿಲ್ಲ. ಡಿಸೆಂಬರ್‌ನಲ್ಲಿ ಒಂದು ರಾತ್ರಿ ಆ ಮನೆಯಲ್ಲಿ ಮಲಗಿಸಿ ನೋಡಿ. ನಡುರಾತ್ರಿ ಎದ್ದು ಅತ್ತರೆ ಹೋಗಿ ಕರೆದುಕೊಂಡು ಬನ್ನಿ, ಮುಂದಿನ ವಾರ ಮತ್ತೆ ಪ್ರಯತ್ನಿಸಿ.

ಅತ್ತೆಗೂ ಸ್ವಲ್ಪ ಪಾಠ ಬೇಕು. ಡಚ್ ಮನೆಗಳ ಮೆಟ್ಟಿಲು ಏಣಿಯಷ್ಟೇ ಕಡಿದು. ಮಗುವನ್ನು ಎತ್ತಿಕೊಂಡು ಅವರು ಆ ಮೆಟ್ಟಿಲು ಇಳಿಯಬಾರದು. ಡಯಾಪರ್ ಬದಲಿಸುವ ಜಾಗ ಒಂದನ್ನು ಕೆಳಗೂ ಮಾಡಿ, ಮೆಟ್ಟಿಲಿಗೆ ಮೇಲೆ ಕೆಳಗೆ ಎರಡೂ ಕಡೆ ಗೇಟ್ ಹಾಕಿ. ಹೊರಗೆ ಕೆಂಪು ಬಣ್ಣದ ಹಾದಿ ಸೈಕಲ್ಲುಗಳದ್ದು, ಅವು ಸದ್ದಿಲ್ಲದೆ ಜೋರಾಗಿ ಬರುತ್ತವೆ. ಮೊಮ್ಮಗನ ಕೈ ಹಿಡಿದು ಅದನ್ನು ದಾಟುವುದನ್ನು ಮೊದಲ ವಾರವೇ ನಾಲ್ಕು ಸಲ ಜೊತೆಯಲ್ಲಿ ಹೋಗಿ ಕಲಿಸಿ. ತುರ್ತು ನಂಬರ್ 112, ಮನೆ ವಿಳಾಸ, ನಿಮ್ಮಿಬ್ಬರ ನಂಬರ್ ಕನ್ನಡದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ.

ಡೇಕೇರ್ ಬಿಡಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಬಿಡಿಸಬೇಡಿ. "ನಾನು ಮನೆಯಲ್ಲೇ ಇರುತ್ತೇನಲ್ಲ" ಅಂತ ಅನ್ನಿಸುವುದು ಸಹಜ. ಆದರೆ ಪಾಪು ಬಂದ ಮೇಲೆ ಅವನ ಪ್ರಪಂಚದಲ್ಲಿ ಬದಲಾಗದೆ ಉಳಿಯುವ ಒಂದೇ ಒಂದು ಜಾಗ ಅದು. ಅದೇ ಟೀಚರ್, ಅದೇ ಕೊಕ್ಕೆಗೆ ಅವನ ಚೀಲ, ಅದೇ ಹೊತ್ತಿಗೆ ಹಣ್ಣು. ನೀವು ಹೆರಿಗೆ ರಜೆಯಲ್ಲಿದ್ದರೂ ಕೆಲಸದಲ್ಲಿರುವ ಲೆಕ್ಕವೇ, ಹಾಗಾಗಿ ಡೇಕೇರ್‌ಗೆ ಸರ್ಕಾರ ಕೊಡುವ ಭತ್ಯೆ ನಿಲ್ಲುವುದಿಲ್ಲ. ಒಮ್ಮೆ ಜಾಗ ಬಿಟ್ಟರೆ ಮತ್ತೆ ಸಿಗಲು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಪಾಪುಗೂ ಜಾಗ ಬೇಕು, ಅದಕ್ಕೂ ಈಗಲೇ ಹೆಸರು ಬರೆಸಿ.

ಡೇಕೇರ್‌ನಿಂದ ಅವನು ಸೋಂಕು ತರುತ್ತಾನೆ, ಅದರ ಬಗ್ಗೆ ನಮ್ಮವರಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ಮಗು ತಟ್ಟೆಯಲ್ಲಿ ಬಿಟ್ಟ ಎರಡು ತುತ್ತು ಮೊಸರನ್ನವನ್ನು ಅಮ್ಮ ಬಾಯಿಗೆ ಹಾಕಿಕೊಳ್ಳುವುದು ನಮ್ಮ ಮನೆಗಳಲ್ಲಿ ದಿನಾ ನಡೆಯುವುದು. ಹೆರಿಗೆ ಆಗುವವರೆಗೆ ಅದನ್ನು ನಿಲ್ಲಿಸಿ. ಸೈಟೊಮೆಗಲೊ ಅನ್ನುವ ವೈರಸ್ ಪುಟ್ಟ ಮಕ್ಕಳ ಜೊಲ್ಲಿನಲ್ಲಿ, ಮೂತ್ರದಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಮಗುವಿಗೆ ಏನೂ ಆಗಿರುವುದಿಲ್ಲ, ಆದರೆ ಬಸುರಿಗೆ ಅಂಟಿ ಹೊಟ್ಟೆಯಲ್ಲಿರುವ ಕೂಸಿಗೆ ದಾಟಿದರೆ ಕೆಲವು ಸಲ ಕಿವಿ ಕೇಳಿಸುವುದಕ್ಕೇ ತೊಂದರೆ ಆಗಬಹುದು. ಅವನ ಎಂಜಲು, ಅವನ ಚಮಚ, ಅವನ ಲೋಟ ಬೇಡ. ತುಟಿಗೆ ಬದಲು ಹಣೆಗೆ ಮುತ್ತು ಕೊಡಿ. ಡಯಾಪರ್ ಬದಲಿಸಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಇನ್ನೊಂದು ಸೀತಾಳೆ ಸಿಡುಬು, ನಮ್ಮ ಕಡೆ ಅಮ್ಮ ಅಂತಾರಲ್ಲ, ಅದು. ನೆದರ್ಲೆಂಡ್ಸ್‌ನಲ್ಲಿ ಮಕ್ಕಳಿಗೆ ಅದರ ಲಸಿಕೆಯನ್ನು ಎಲ್ಲರಿಗೂ ಹಾಕುವ ಪದ್ಧತಿ ಇಲ್ಲ, ಡೇಕೇರ್‌ಗಳಲ್ಲಿ ಓಡಾಡುತ್ತಲೇ ಇರುತ್ತದೆ. ನಿಮಗೆ ಚಿಕ್ಕಂದಿನಲ್ಲಿ ಆಗಿತ್ತಾ ಅಂತ ಅಮ್ಮನನ್ನು ಕೇಳಿ ತಿಳಿದುಕೊಳ್ಳಿ. ಆಗಿಲ್ಲದಿದ್ದರೆ ಸೂಲಗಿತ್ತಿಗೆ ಹೇಳಿ, ಡೇಕೇರ್ ಬಾಗಿಲಲ್ಲಿ ಆ ನೋಟಿಸ್ ಕಂಡ ದಿನವೇ ಫೋನ್ ಮಾಡಿ.

ನಾಯಿಕೆಮ್ಮಿನ ಲಸಿಕೆ 22 ವಾರದಿಂದ ಕೊಡುತ್ತಾರೆ, ಹಾಕಿಸಿಕೊಂಡಿಲ್ಲದಿದ್ದರೆ ಈ ವಾರ ಹೋಗಿ. ಅದು ಪಾಪುವಿನ ಮೊದಲ ತಿಂಗಳುಗಳಿಗೆ ರಕ್ಷಣೆ, ಮನೆಯಲ್ಲಿ ಕೆಮ್ಮು ತರುವ ಅಣ್ಣ ಇರುವಾಗ ಇನ್ನೂ ಮುಖ್ಯ. ಬಸುರಿನ ಸಕ್ಕರೆ ಕಾಯಿಲೆ ನಮ್ಮ ಭಾಗದ ಹೆಂಗಸರಲ್ಲಿ ಜಾಸ್ತಿ, ಅದಕ್ಕೆ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆಗೆ ಸಮಯ 24ರಿಂದ 28 ವಾರ. ನಿಮಗೆ 26. ಆಗಿದೆಯಾ? ಇಲ್ಲದಿದ್ದರೆ ನೀವೇ ಕೇಳಿ.

ಮಗನನ್ನು ಎತ್ತಿಕೊಳ್ಳಬಾರದಾ ಅಂತ ಬಹಳ ಜನ ಕೇಳುತ್ತಾರೆ. ತೊಂದರೆ ಇಲ್ಲದ ಬಸುರಲ್ಲಿ ಪೂರ್ತಿ ನಿಲ್ಲಿಸಬೇಕಿಲ್ಲ. ನೆಲದಿಂದ ಬಗ್ಗಿ ಎತ್ತುವ ಬದಲು ಅವನು ಸೋಫಾ ಹತ್ತಲಿ, ಅಲ್ಲಿಂದ ಎತ್ತಿಕೊಳ್ಳಿ. ಕೂತು ತೊಡೆ ಮೇಲೆ ಕೂರಿಸಿಕೊಳ್ಳುವುದಕ್ಕಂತೂ ಯಾವ ಅಡ್ಡಿಯೂ ಇಲ್ಲ. ರಕ್ತ ಕಂಡರೆ, ಹೊಟ್ಟೆ ಗಟ್ಟಿಯಾಗುತ್ತಾ ನೋವು ಬಂದರೆ ಮಾತ್ರ ಸೂಲಗಿತ್ತಿಯನ್ನು ಕೇಳಿಯೇ ಮುಂದುವರಿಯಿರಿ. ಒಂದು ವೇಳೆ ಸಿಸೇರಿಯನ್ ಆದರೆ ಸುಮಾರು ಆರು ವಾರ ಪಾಪುಗಿಂತ ಭಾರ ಎತ್ತುವ ಹಾಗಿಲ್ಲ, ಅಂದರೆ ಮಗನನ್ನೂ ಎತ್ತುವ ಹಾಗಿಲ್ಲ.

ಇನ್ನು ಅವನ ರಾತ್ರಿ. ನಿಮ್ಮನ್ನು ಬಿಟ್ಟು ಮಲಗುವುದಿಲ್ಲ ಅಂದಿರಿ. ಇದನ್ನು ಈಗ ಬದಲಿಸಲು ನಿಮಗೆ ಮೂರು ತಿಂಗಳಿದೆ, ಸಾಕಷ್ಟು ಸಮಯ. ಇಂದಿನಿಂದ ಮಲಗಿಸುವುದು ಅಪ್ಪನ ಕೆಲಸ. ಮೊದಲ ವಾರ ಅವನು ಅಳುತ್ತಾನೆ, ನಿಮ್ಮ ಹೆಸರು ಕರೆಯುತ್ತಾನೆ. ನೀವು ಪಕ್ಕದ ಕೋಣೆಯಿಂದ ಓಡಿ ಬಂದರೆ ಅಳು ಇನ್ನೂ ಉದ್ದವಾಗುತ್ತದೆ. ಆ ಒಂದು ಗಂಟೆ ಮನೆಯಿಂದ ಹೊರಗೆ ಹೋಗಿ, ಒಂದು ಸುತ್ತು ನಡೆದು ಬನ್ನಿ. ಅಪ್ಪ ತಮ್ಮದೇ ರೀತಿಯಲ್ಲಿ ಮಲಗಿಸಲಿ, ನಿಮ್ಮ ಹಾಡೇ ಹಾಡಬೇಕು ಅಂತಿಲ್ಲ. ಅಪ್ಪನ ಪಕ್ಕದಲ್ಲಿ ನಿದ್ದೆ ಬರುತ್ತದೆ ಅಂತ ಅವನ ಮೈಗೆ ಗೊತ್ತಾದರೆ ಜನವರಿಯ ಅರ್ಧ ಕಷ್ಟ ಅಲ್ಲೇ ಮುಗಿಯಿತು. ಬೇರೆ ಹಾಸಿಗೆಗೆ ಬದಲಿಸುವುದಿದ್ದರೆ ನವೆಂಬರ್‌ನಲ್ಲೇ ಮಾಡಿ, ಪಾಪುಗಾಗಿ ಅಂತ ಹೇಳದೆ ಮಾಡಿ. ಡಯಾಪರ್ ಬಿಡಿಸುವ ಪ್ರಯತ್ನವನ್ನು ಈಗ ಶುರು ಮಾಡಬೇಡಿ, ಏಪ್ರಿಲ್ ಆಗಲಿ. ಈಗ ಕಲಿತರೂ ಪಾಪು ಬಂದ ವಾರ ಮರೆಯುತ್ತಾನೆ, ಇಬ್ಬರಿಗೂ ಬೇಜಾರು.

ಅವನಿಗೆ ಯಾವಾಗ ಹೇಳುವುದು? ಹೊಟ್ಟೆ ಕಾಣುತ್ತಿದೆ, ಕೇಳಿದರೆ ಈಗಲೇ ಹೇಳಿ. ಆದರೆ ದಿನ ಎಣಿಸಬೇಡಿ, ಆ ವಯಸ್ಸಿಗೆ ಮೂರು ತಿಂಗಳು ಅನ್ನುವುದಕ್ಕೆ ಅರ್ಥವಿಲ್ಲ. ಅಜ್ಜಿ ಬರುತ್ತಾರೆ, ಆಮೇಲೆ ಪಾಪು ಬರುತ್ತದೆ, ಅಷ್ಟು ಸಾಕು. "ಆಡಲು ಜೊತೆ ಸಿಗುತ್ತೆ" ಅನ್ನಬೇಡಿ, ಹುಟ್ಟಿದ ಪಾಪು ತಿಂಗಳುಗಟ್ಟಲೆ ಆಡುವುದಿಲ್ಲ. ಪಾಪು ಅಳುತ್ತೆ, ಹಾಲು ಕುಡಿಯುತ್ತೆ, ಮಲಗುತ್ತೆ ಅಂತ ಇದ್ದದ್ದನ್ನೇ ಹೇಳಿ. ಅವನು ಪಾಪು ಆಗಿದ್ದಾಗಿನ ಶಿವಮೊಗ್ಗದ ಫೋಟೋ ತೋರಿಸಿ.

ಪಾಪು ಬಂದ ಮೇಲೆ ಮನೆಗೆ ಬರುವವರೆಲ್ಲ "ನೀನೀಗ ದೊಡ್ಡವನಾದೆ" ಅನ್ನುತ್ತಾರೆ. ಅತ್ತೆಗೂ, ಊರಿಂದ ಫೋನ್ ಮಾಡುವವರಿಗೂ ಆ ಮಾತು ಬೇಡ ಅಂತ ಮೊದಲೇ ಹೇಳಿಡಿ. ಎರಡೂವರೆ ವರ್ಷದವನು ದೊಡ್ಡವನಲ್ಲ. ದೊಡ್ಡವನಾದರೆ ತೊಡೆ ಸಿಗುವುದಿಲ್ಲ ಅಂತ ಅವನಿಗೆ ಬೇಗ ಅರ್ಥವಾಗುತ್ತದೆ, ಆಗ ಮತ್ತೆ ಬಾಟಲಿ ಕೇಳುತ್ತಾನೆ, ತೆವಳುತ್ತಾನೆ, ಮಾತು ತೊದಲುತ್ತಾನೆ. ಕೇಳಿದರೆ ಕೊಡಿ, ಕೆಲವು ವಾರ ಅಷ್ಟೇ. ಪ್ರತಿ ಸಲ "ಪಾಪು ಮಲಗಿದೆ, ಗಲಾಟೆ ಮಾಡಬೇಡ" ಅನ್ನುವ ಬದಲು ಕೆಲವು ಸಲ ಪಾಪುಗೆ ಹೇಳಿ, ಅವನಿಗೆ ಕೇಳಿಸುವ ಹಾಗೆ: "ಸ್ವಲ್ಪ ತಡಿ ಪುಟ್ಟಾ, ಅಣ್ಣನಿಗೆ ಊಟ ಹಾಕಿ ಬರ್ತೀನಿ." ಪಾಪುಗೆ ಏನೂ ನಷ್ಟವಿಲ್ಲ, ಅವನ ಮುಖ ನೋಡಿ. ನೀವು ಹಾಲುಣಿಸಲು ಕೂತ ತಕ್ಷಣ ಅವನಿಗೆ ಬಾಯಾರಿಕೆ ಆಗುತ್ತದೆ, ಸುಸ್ಸು ಬರುತ್ತದೆ, ಎಲ್ಲೋ ನೋವಾಗುತ್ತದೆ. ನೀವು ಕೂರುವ ಜಾಗದ ಪಕ್ಕ ಒಂದು ಬುಟ್ಟಿಯಲ್ಲಿ ಅವನ ನೀರಿನ ಲೋಟ, ಒಂದೆರಡು ಪುಸ್ತಕ, ಒಣದ್ರಾಕ್ಷಿ ಡಬ್ಬಿ ಇಟ್ಟುಕೊಂಡೇ ಕೂರಿ. ಪಾಪುಗೆ ಹೊಡೆದರೆ ಕೈ ಹಿಡಿದು ನಿಲ್ಲಿಸಿ, ಬೈದು ದೂರ ಕಳಿಸಬೇಡಿ. ಇಬ್ಬರನ್ನೂ ಒಂದು ನಿಮಿಷಕ್ಕೂ ಒಂಟಿಯಾಗಿ ಬಿಡಬೇಡಿ, ಪ್ರೀತಿಯಿಂದ ಅಪ್ಪಿಕೊಂಡರೂ ಅವನ ಭಾರ ಪಾಪುಗೆ ಜಾಸ್ತಿ. ದಿನಕ್ಕೆ ಇಪ್ಪತ್ತು ನಿಮಿಷವಾದರೂ ಪಾಪು ಅಜ್ಜಿಯ ಹತ್ತಿರ ಇರಲಿ, ನೀವು ಅವನೊಬ್ಬನ ಜೊತೆ ಇರಿ. ನಮ್ಮ ಮನೆಗಳಲ್ಲಿ ಅಜ್ಜಿ ದೊಡ್ಡವನನ್ನು ಕರೆದುಕೊಂಡು ಹೋಗುವುದೇ ರೂಢಿ, ಆಗಾಗ ತಿರುಗಿಸಿ.

ಪಾಪುವಿನ ಕಾಗದಗಳನ್ನು ಯಜಮಾನರಿಗೆ ಒಪ್ಪಿಸಿಬಿಡಿ. ಹುಟ್ಟಿದ ಮೂರು ದಿನದೊಳಗೆ ಮುನಿಸಿಪಾಲಿಟಿಯಲ್ಲಿ ನೋಂದಣಿ, ನಾಲ್ಕು ತಿಂಗಳೊಳಗೆ ಆರೋಗ್ಯ ವಿಮೆಗೆ ಸೇರಿಸುವುದು, ಅದಕ್ಕೆ 18 ವರ್ಷದವರೆಗೆ ಕಂತು ಇಲ್ಲ. ಅಲ್ಲಿ ಹುಟ್ಟಿದ ಮಾತ್ರಕ್ಕೆ ಡಚ್ ಪೌರತ್ವ ಬರುವುದಿಲ್ಲ. ಒಂದು ವರ್ಷದೊಳಗೆ ಹೇಗ್‌ನಲ್ಲಿರುವ ಭಾರತದ ರಾಯಭಾರ ಕಚೇರಿಯಲ್ಲಿ ಜನನ ನೋಂದಣಿ ಮಾಡಿಸಿ ಪಾಸ್‌ಪೋರ್ಟ್ ಮಾಡಿಸಬೇಕು, ಡಚ್ ವಾಸದ ಪರವಾನಗಿಗೂ ಅರ್ಜಿ ಹಾಕಬೇಕು. ಹೆಸರು ನಿಮ್ಮ ಪಾಸ್‌ಪೋರ್ಟ್‌ಗಳಿಗೆ ಹೊಂದುವ ಹಾಗೆ ಇರಲಿ, ಮೂರೇ ದಿನದಲ್ಲಿ ಕೊಡಬೇಕಾದ್ದರಿಂದ ನಾಮಕರಣದವರೆಗೆ ಕಾಯುವ ಹಾಗಿಲ್ಲ. ಎರಡು ಹೆಸರು ಈಗಲೇ ಆರಿಸಿಡಿ.

ಕೊನೆಗೆ ನಿಮ್ಮ ಅಳು. ಮಗನಿಗೆ ಅನ್ಯಾಯ ಮಾಡುತ್ತಿದ್ದೇನೆ ಅಂತ ಅನ್ನಿಸುವುದು ಎರಡನೇ ಸಲ ಬಸುರಾದ ಎಷ್ಟೋ ಹೆಂಗಸರಿಗೆ ಆಗುತ್ತದೆ, ಹತ್ತಿರದಲ್ಲಿ ಅಕ್ಕತಂಗಿ, ಚಿಕ್ಕಮ್ಮ ಯಾರೂ ಇಲ್ಲದ ಕಡೆ ಇನ್ನೂ ಜಾಸ್ತಿ. ಆಗಾಗ ಬಂದು ಹೋಗುವ ಅಳುವಿಗೆ ಯಜಮಾನರ ಹತ್ತಿರ ಕೂತು ಮಾತಾಡಿದರೂ ಹಗುರಾಗುತ್ತದೆ. ಆದರೆ ಅದು ಎರಡು ವಾರ ದಾಟಿಯೂ ದಿನಾ ಬರುತ್ತಿದ್ದರೆ, ಮಗ ಮಲಗಿದಾಗಲೂ ನಿಮಗೆ ನಿದ್ದೆ ಬರದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲ ಅನ್ನಿಸಿದರೆ, ಅದು ಚಿಕಿತ್ಸೆ ಇರುವ ಕಾಯಿಲೆ. ಹೆರಿಗೆಗೆ ಮೊದಲೂ ಬರಬಹುದು, ಆಮೇಲೂ ಬರಬಹುದು. ಮುಂದಿನ ತಪಾಸಣೆಯಲ್ಲಿ ಸೂಲಗಿತ್ತಿಗೆ ಇದನ್ನು ಬಾಯಿ ಬಿಟ್ಟು ಹೇಳಿ, ಇಲ್ಲವೇ ಮನೆ ಡಾಕ್ಟರ್‌ಗೆ ಫೋನ್ ಮಾಡಿ. ಬದುಕೇ ಬೇಡ ಅನ್ನುವಂಥ ಯೋಚನೆ ಬಂದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅದೇ ದಿನ ಮಾಡಿ. ಯಜಮಾನರಿಗೂ ಈ ಪ್ಯಾರಾ ಓದಲು ಕೊಡಿ, ಎಷ್ಟೋ ಸಲ ಇದು ನಿಮಗಿಂತ ಮೊದಲು ಕಾಣುವುದು ಅವರಿಗೇ.